ಫಕೀರವ್ವನ ಬಯಲು

ಬನ್ನಿ, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತುಕೊಳ್ಳಿ. ಕಡಲಾಚೆಯ ಕಥೆಯಾದರೂ ಇದು ನಮ್ಮ ನವಲಗುಂದದ ಹೆಣ್ಣುಮಗಳದು. ಅರ್ಧಕ್ಕೆ ಎದ್ದು ಹೋದರೆ ಅವಳಿಗೆ ಅವಮಾನ. ಸ್ಕಾಟ್ಲೆಂಡ್ ಎಂಬ ಸೀಮೆಯಲ್ಲಿ ಕಿರ್ಕ್‌ಡೂನ್ ಎಂಬ ಹಳೆಯ ಪಟ್ಟಣವಿದೆ. ಗುಡ್ಡದ ಮೇಲೆ ಕೋಟೆ, ಕೆಳಗೆ ಮೀನುಗಾರರ ಬಂದರು, ನಡುವೆ ಒಂದು ಹಸಿರು ಬಯಲು. ಬಯಲಿನ ಈ ತುದಿಗೆ ಕಲ್ಲಿನ ಬಾವಿ, ಆ ತುದಿಗೆ ಕೋಟೆಯ ಬಾಗಿಲು. ಊರ ಹೆಂಗಸರು ಇವತ್ತಿಗೂ ಅಲ್ಲಿ ಬಟ್ಟೆ ಒಣಹಾಕುತ್ತಾರೆ. ಆ ಜಾಗವನ್ನು ತಮ್ಮ ನಾಲಿಗೆ ಹೊರಳಿದ ಹಾಗೆ ಹೊರಳಿಸಿ ‘ಫಕೀರಾಸ್ ಗ್ರೀನ್’ ಎನ್ನುತ್ತಾರೆ. ನಮ್ಮ ಬಾಯಲ್ಲಿ ಅದು ಫಕೀರವ್ವನ ಬಯಲು.

ಹಿಂದೆ ಒಮ್ಮೆ, ಹಡಗುಗಳು ವಾರಗಟ್ಟಲೆ ಹೊಗೆ ಉಗುಳುತ್ತ ತೇಲುತ್ತಿದ್ದ ಕಾಲದಲ್ಲಿ, ಫಕೀರವ್ವ ಧಾರವಾಡದ ದೊರೆಸಾನಿಯೊಬ್ಬಳ ಮಕ್ಕಳನ್ನು ಆಡಿಸಿಕೊಂಡು ಆ ಸೀಮೆಗೆ ಹೋಗಿದ್ದಳು. ಹೊರಡುವಾಗ ಅವಳ ತಾಯಿ ಕೆಂಪು ಸೆರಗಿನ ಇಳಕಲ್ ಸೀರೆಯೊಂದನ್ನು ಕೈಗಿಟ್ಟು, “ನನ್ನ ಕಣ್ಣು ಮಂಜಾಗ್ಯಾವ. ತಿರುಗಿ ಬರೂವಾಗ ಇದನ್ನ ಉಟ್ಕೊಂಡು ಬಾ. ಊರ ಅಗಸಿ ಬಾಗಲಾಗ ಈ ಕೆಂಪು ಕಂಡ್ರ ನನ್ನ ಮಗಳು ಬಂದ್ಲು ಅಂತ ತಿಳೀತೀನಿ” ಅಂದಿದ್ದಳು. ಮಕ್ಕಳನ್ನು ಅವರ ಅಜ್ಜಿಯ ಮನೆ ಮುಟ್ಟಿಸಿ, ದೊರೆಸಾನಿಯೊಂದಿಗೆ ಹಡಗಿಗೆ ಹಿಂದಿರುಗುವಾಗ ಕಿರ್ಕ್‌ಡೂನಿನಲ್ಲಿ ಅವರ ಕುದುರೆಗಾಡಿಯ ಗಾಲಿ ಮುರಿಯಿತು. “ಸಂಜೆ ಚರ್ಚಿನ ಗಂಟೆ ಬಾರಿಸಿದಾಗ ಹೊರಡೋಣ. ಅಲ್ಲಿಯವರೆಗೆ ಊರು ನೋಡಿಕೊಂಡು ಬಾ” ಎಂದಳು ದೊರೆಸಾನಿ. ಇಡೀ ದಿನ ತನ್ನದೇ ಆದದ್ದು ಫಕೀರವ್ವನಿಗೆ ಹುಟ್ಟಿದಂದಿನಿಂದ ಅದೇ ಮೊದಲು. ಸೀರೆಯ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಕೋಟೆ ನೋಡಿ, “ಇಷ್ಟು ದೊಡ್ಡ ವಾಡೇ, ಕುಂದರಾಕ ಒಂದು ಕಟ್ಟಿ ಇಲ್ಲ” ಎಂದು ಮೂಗು ಮುರಿದಳು. ಮೀನಿನ ಪೇಟೆಯಲ್ಲಿ ಅದೇ ಮೂಗಿಗೆ ಸೆರಗು ಹಿಡಿದು ಓಡಿದಳು. ಓಡಿದವಳು ಬಂದು ನಿಂತದ್ದು ಈ ಬಯಲಿನಲ್ಲಿ.

ಅಲ್ಲಿ ಹೆಂಗಸರ ಗದ್ದಲವೋ ಗದ್ದಲ. ಫಕೀರವ್ವ ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದಳು. ಎಲ್ಸ್‌ಪೆತ್ ಎಂಬ ಮುದುಕಿ ಹೇಳಿದಳು: ಕೋಟೆಯ ದೊರೆಯ ಅಜ್ಜ ಈ ಬಯಲನ್ನು ಊರ ಅಗಸಗಿತ್ತಿಯರಿಗೆ ಬಿಟ್ಟುಕೊಟ್ಟಿದ್ದ. ಆದರೆ ವರ್ಷಕ್ಕೊಮ್ಮೆ, ಬೇಸಿಗೆಯ ಅತಿ ಉದ್ದದ ಹಗಲಲ್ಲಿ, ಬಾವಿಯಿಂದ ಕೋಟೆಯ ಬಾಗಿಲವರೆಗೆ ಹೆಂಗಸರು ಬಟ್ಟೆ ಹಾಸಬೇಕು. ಹೊತ್ತು ಮುಳುಗುವ ತನಕ ನಡುವೆ ಎಲ್ಲೂ ಹುಲ್ಲು ಕಾಣಬಾರದು. ಕಂಡರೆ ಬಯಲು ಕೋಟೆಗೆ ವಾಪಸು. ಈ ಸಲ ಅರ್ಧ ಊರಿನ ಹೆಂಗಸರು ಮೀನು ಹಸನು ಮಾಡಲು ಬೇರೆ ಬಂದರಿಗೆ ಹೋಗಿದ್ದರು, ಹಾಸಿಗೆ ಬಟ್ಟೆಯೂ ಅವರ ಜೊತೆ. ಇದ್ದವರು ದುಪ್ಪಟಿ ಹಾಸಿದರು, ಅಂಗಿ ಹಾಸಿದರು, ಪಾದ್ರಿಯ ಕಾಲುಚೀಲವನ್ನೂ ಬಿಡಲಿಲ್ಲ. ಆದರೂ ಬಾಗಿಲ ಹತ್ತಿರ ಹುಲ್ಲು ಹಲ್ಲು ಕಿರಿಯುತ್ತಿತ್ತು. ಕೋಟೆಯ ಕಾರಭಾರಿ ಸೊಂಟದ ಮೇಲೆ ಕೈಯಿಟ್ಟು, “ನಾಳೆಯಿಂದ ಇಲ್ಲಿ ನನ್ನ ಕುರಿ ಮೇಯುತ್ತವೆ. ನೀವು ಕಡಲಲ್ಲೇ ಬಟ್ಟೆ ಒಣಗಿಸಿಕೊಳ್ಳಿ” ಎಂದು ನಗುತ್ತಿದ್ದ.

ಫಕೀರವ್ವ ಆ ತೆರಪನ್ನು ಕಣ್ಣಲ್ಲೇ ಅಳೆದಳು. ಕಂಕುಳ ಗಂಟನ್ನೊಮ್ಮೆ ಒತ್ತಿಕೊಂಡಳು. “ನಾ ಹೊರಡೂಮಟ ಇರಲಿ, ಆಮ್ಯಾಲೆ ಒಯ್ಯುತೀನಿ” ಎನ್ನುತ್ತ ಬಿಚ್ಚಿ ಬೀಸಿದಳು ನೋಡಿ! ಹದಿನೆಂಟು ಮೊಳದ ಸೀರೆ ಉರುಳಿಕೊಂಡು ಹೋಗಿ, ಅದರ ಕೆಂಪು ಸೆರಗು ಕೋಟೆಯ ಹೊಸ್ತಿಲನ್ನೇ ಮುಟ್ಟಿತು.

“ಇವಳು ಊರವಳಲ್ಲ!” ಎಂದು ಕಾರಭಾರಿ ಕೂಗಿದ.

“ದೊರೆಯ ಅಜ್ಜ ಹೆಂಗಸರು ಹಾಸಬೇಕು ಎಂದಿದ್ದ, ಅಷ್ಟೇ. ಇವಳು ನಿನ್ನ ಕಣ್ಣಿಗೆ ಗಂಡಸಿನ ಹಾಗೆ ಕಾಣುತ್ತಾಳೇನೋ?” ಎಂದಳು ಎಲ್ಸ್‌ಪೆತ್. ಬಯಲೆಲ್ಲ ನಕ್ಕಿತು.

ಆದರೆ ಆ ನಾಡಿನ ಬೇಸಿಗೆಯ ಸೂರ್ಯ, ಊಟವಾದರೂ ಏಳಲೊಲ್ಲದ ಬೀಗರ ಹಾಗೆ. ಚರ್ಚಿನ ಗಂಟೆ ಬಾರಿಸಿತು, ಗಾಡಿ ಬಂದು ನಿಂತಿತು, ಸೂರ್ಯ ಮಾತ್ರ ಇನ್ನೂ ಗುಡ್ಡದ ಮೇಲೇ ಇದ್ದ. “ಬೇಗ ಬಾ, ಹಡಗು ತಪ್ಪುತ್ತದೆ!” ಎಂದು ದೊರೆಸಾನಿ ಕರೆದಳು. ಫಕೀರವ್ವ ಬಗ್ಗಿ ಸೆರಗು ಹಿಡಿದಳು. ಅಗಸಿಯಲ್ಲಿ ಕೆಂಪು ಹುಡುಕುವ ತಾಯಿಯ ಕಣ್ಣು ಎದುರಿಗೆ ಬಂತು. ಎಲ್ಸ್‌ಪೆತ್ ಬೇಡವೆನ್ನಲಿಲ್ಲ, ಮುಖ ಅತ್ತ ತಿರುಗಿಸಿದಳು. ಫಕೀರವ್ವ ಸೆರಗಿನ ಸುಕ್ಕು ತೀಡಿ, ಗಾಳಿಗೆ ಹಾರದಂತೆ ಕಲ್ಲೊಂದನ್ನಿಟ್ಟು ಎದ್ದಳು. “ಹಾಸಿದ್ದನ್ನ ಕಸಕೊಂಡು ಹೋಗೂ ಮನೆತನ ನಮ್ಮದಲ್ಲ” ಅಂದಳು. ಮುದುಕಿ ತಾನು ಹೊದ್ದಿದ್ದ ಚೌಕಳಿಯ ಉಣ್ಣೆಶಾಲನ್ನು ಅವಳ ಹೆಗಲಿಗೆ ಹೊದಿಸಿ, ಹೆಸರು ಕೇಳಿಕೊಂಡಳು.

ಇಂದಿಗೂ ಆ ದಿನ ಅಲ್ಲಿಗೆ ಹೋದವರು ಬಿಳಿ ಬಟ್ಟೆಗಳ ಸಾಲಿನ ಕೊನೆಗೆ, ಕೋಟೆಯ ಹೊಸ್ತಿಲಲ್ಲಿ ಒಂದು ಕೆಂಪು ಪಟ್ಟಿ ನೋಡುತ್ತಾರಂತೆ. ಹಳೆಯ ಸೀರೆ ಎಳೆಎಳೆಯಾಗಿ ಸವೆದ ಮೇಲೆ ಊರವರೇ ನೇಯಿಸಿ ಹಾಸುವ ಪಟ್ಟಿ ಅದು. ಕಾರಭಾರಿ ಕುರಿ ಮಾರಿಕೊಂಡು ಬೇರೆ ಊರು ಸೇರಿದ. ದೊರೆಸಾನಿ ಬದುಕಿರುವವರೆಗೂ ಈ ಕಥೆಯನ್ನು ತನ್ನದೇ ದೊಡ್ಡಸ್ತಿಕೆಯೆಂಬಂತೆ ಹೇಳಿಕೊಂಡು ತಿರುಗಿದಳು. ಎಲ್ಸ್‌ಪೆತ್ ಸಾಯುವ ತನಕ ವರ್ಷವರ್ಷವೂ ಆ ಸೆರಗನ್ನು ತನ್ನ ಕೈಯಾರೆ ಹಾಸಿದಳು. ಇನ್ನು ನಮ್ಮ ಫಕೀರವ್ವ ಶಾಲು ಹೊದ್ದು ನವಲಗುಂದದ ಅಗಸಿಗೆ ಬಂದಾಗ ತಾಯಿ, “ಯಾರವ್ವಾ ನೀ, ಕಂಬಳಿ ಹೊತ್ತಾಕಿ?” ಎಂದಳಂತೆ. ನಡೆದದ್ದನ್ನೆಲ್ಲ ಕೇಳಿ ಆ ತಾಯಿ ಶಾಲನ್ನು ತಡವುತ್ತ ಹೇಳಿದಳು: “ಹಾಸಿ ಬಂದಿಯೇನ? ಹಂಗಾರ ನೀ ನನ್ನ ಮಗಳ ಹೌದು. ಒಳಗ ಬಾ.”