ಹೋಗಿ ಬರಲಿ

"ಗುರುಗಳೇ, ಒಂದು ವಲಯದವರಿಗೆ ಇನ್ನೊಂದು ವಲಯಕ್ಕೆ ಹೋಗಲು ಅನುಮತಿ ಕೊಟ್ಟ ಮೇಲೆ, ಆ ವಲಯದವರಿಗೂ ಈ ಕಡೆ ಬರಲು ಅನುಮತಿ ಕೊಡುವುದು ನ್ಯಾಯವಲ್ಲವೇ?" ಎಂದು ಶಿಷ್ಯ ವೃಷಭೇಂದ್ರ ಕೇಳಿದ.

ಈ ಪ್ರಶ್ನೆ ಎಲ್ಲಿಂದ ಬಂತೆಂದು ಮೊದಲು ಹೇಳಬೇಕು. ವೃಷಭೇಂದ್ರ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಾಹಿತಿ ಕೂಡಿಡುವ ಯಂತ್ರಗಳ ಜಾಲವನ್ನು ನೋಡಿಕೊಳ್ಳುತ್ತಿದ್ದ. ರೋಗಿಗಳ ದಾಖಲೆ, ಔಷಧಗಳ ವಿವರ, ಹೊರಗಿನಿಂದ ಬಂದ ವರದಿ, ಎಲ್ಲವೂ ಆ ಯಂತ್ರಗಳಲ್ಲಿರುತ್ತವೆ. ಆದರೆ ಎಲ್ಲವನ್ನೂ ಬೆರೆಸಿ ಇಡುವುದಿಲ್ಲ. ಜಾಲವನ್ನು ವಲಯಗಳಾಗಿ ಭಾಗ ಮಾಡುತ್ತಾರೆ. ಯಾವ ವಲಯದಿಂದ ಯಾವ ವಲಯಕ್ಕೆ ಹೋಗಬಹುದು ಎಂಬುದನ್ನು ಒಂದೊಂದಾಗಿ ಬರೆಯುತ್ತಾರೆ. ಬರೆದಷ್ಟಕ್ಕೆ ಮಾತ್ರ ದಾರಿ ತೆರೆಯುತ್ತದೆ. ಹಾಗೆ ಬರೆಯುವ ಕೆಲಸ ವೃಷಭೇಂದ್ರನದು. ಒಂದು ಕಡೆಗೆ ಮಾತ್ರ ಅನುಮತಿ ಬರೆದರೆ ಆಚೆ ಕಡೆಯವರು, "ಏನಪ್ಪಾ, ನಮ್ಮನ್ನು ಕಳ್ಳರು ಅಂದುಕೊಂಡಿದ್ದೀಯಾ?" ಎಂದು ಮುಖ ತಿರುಗಿಸುತ್ತಿದ್ದರು. ಅಂದು ಸಂಜೆಯೊಳಗೆ ಹೊಸ ಅನುಮತಿಗಳು ಜಾರಿಗೆ ಬರಬೇಕಿತ್ತು. ಎಲ್ಲವನ್ನೂ ಎರಡೂ ಕಡೆಗೆ ತೆರೆದುಬಿಟ್ಟರೆ ಯಾರಿಗೂ ಬೇಸರವಿರುವುದಿಲ್ಲ ಎಂದು ಅವನಿಗೆ ಅನಿಸಿತ್ತು.

ಗುರುಗಳು ಇದೇ ಕೆಲಸವನ್ನು ಮೂವತ್ತು ವರ್ಷ ಮಾಡಿ, ಈಗ ಅದನ್ನು ಕಲಿಸುತ್ತಿದ್ದವರು. ಅವರು ಪ್ರಶ್ನೆಗೆ ನೇರವಾಗಿ ಉತ್ತರ ಕೊಡದೆ ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನದು ಜೋಳದ ವ್ಯಾಪಾರ. ಅವನ ಉಗ್ರಾಣದಲ್ಲಿ ಎರಡು ಮನೆಗಳಿದ್ದವು. ಒಂದು ಬೀಜದ ಮನೆ. ಸುತ್ತಲಿನ ಎಂಟು ಊರುಗಳ ಬಿತ್ತನೆ ಜೋಳ ಅಲ್ಲಿರುತ್ತಿತ್ತು. ಇನ್ನೊಂದು ಹೊಸ ಮಾಲಿನ ಮನೆ. ಗಾಡಿಗಳಿಂದ ಆಗತಾನೆ ಇಳಿದ, ಇನ್ನೂ ಕೇರಿ ಹಸನು ಮಾಡದ ಜೋಳ ಅಲ್ಲಿರುತ್ತಿತ್ತು. ಎರಡಕ್ಕೂ ಬೀದಿಯ ಕಡೆಗೆ ಬೇರೆ ಬೇರೆ ಬಾಗಿಲು. ನಡುವಿನ ಗೋಡೆಯಲ್ಲಿ ಒಂದು ಬಾಗಿಲು. ಕತೆ ನಡೆಯುವುದು ಈ ನಡುಬಾಗಿಲಲ್ಲಿ.

ಹೊಸ ಮಾಲಿನ ಜೊತೆ ನುಸಿ ಬರುತ್ತದೆ. ನುಸಿ ಎಂದರೆ ಕಾಳಿನೊಳಗೆ ಕೂತು ಅದನ್ನು ಹಿಟ್ಟು ಮಾಡುವ ಸಣ್ಣ ಹುಳ. ಊಟದ ಜೋಳಕ್ಕೆ ನುಸಿ ಬಿದ್ದರೆ ಬಿಸಿಲಿಗೆ ಹಾಕಿ ಕೇರಿ ತಿನ್ನಬಹುದು. ಬೀಜಕ್ಕೆ ಬಿದ್ದರೆ ಕಾಳು ಮೊಳೆಯುವುದಿಲ್ಲ. ಆದ್ದರಿಂದ ಆ ಉಗ್ರಾಣದಲ್ಲಿ ಒಂದು ಪದ್ಧತಿ ಇತ್ತು. ಬೀಜದ ಮನೆಯ ಆಳುಗಳಿಗೆ ಕಾಳಿನ ಗುಣ ಚೆನ್ನಾಗಿ ಗೊತ್ತು. ಮಧ್ಯಾಹ್ನ ಅವರು ನಡುಬಾಗಿಲಿನಿಂದ ಹೊಸ ಮಾಲಿನ ಮನೆಗೆ ಹೋಗಿ ಮಾಲು ಪರೀಕ್ಷಿಸುತ್ತಿದ್ದರು. ಕೆಲಸ ಮುಗಿದ ಮೇಲೆ ನಡುಬಾಗಿಲಿನಿಂದ ವಾಪಸು ಬರುತ್ತಿರಲಿಲ್ಲ. ಅಲ್ಲಿಂದಲೇ ಬೀದಿಗಿಳಿದು ಮನೆಗೆ ಹೋಗಿ, ಸ್ನಾನ ಮಾಡಿ, ಬಟ್ಟೆ ಬದಲಿಸಿ, ಮರುದಿನ ಬೀಜದ ಮನೆಯ ಬೀದಿಬಾಗಿಲಿನಿಂದ ಒಳಗೆ ಬರುತ್ತಿದ್ದರು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಹಳೆಯ ಉಗ್ರಾಣಿಕನಿಗೆ ಗೊತ್ತಿತ್ತು, ಅವನು ನಡೆಸಿಕೊಂಡು ಬಂದಿದ್ದ, ಅಷ್ಟೇ.

ಹಳಬ ಕೆಲಸ ಬಿಟ್ಟ. ಹೊಸ ಉಗ್ರಾಣಿಕ ಬಂದ. ಅವನು ಅಕ್ಷರ ಬಲ್ಲವನು, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವನು. ವರ್ತಕ ಅವನಿಗೆ, "ಎಲ್ಲ ಬಾಗಿಲಿಗೂ ಒಂದೊಂದು ಹಲಗೆ ಹಾಕು. ಯಾರು ಎಲ್ಲಿಗೆ ಹೋಗಬಹುದು ಅಂತ ಬರೆದುಬಿಡು. ಕಾವಲಿನವರು ನನ್ನ ತಲೆ ತಿನ್ನುವುದು ತಪ್ಪುತ್ತದೆ" ಎಂದ.

"ನಡುಬಾಗಿಲಿಗೆ ಏನು ಬರೆಯಲಿ, ಯಜಮಾನರೇ?"

"ಬೀಜದ ಮನೆಯವರು ಹೊಸ ಮಾಲಿನ ಮನೆಗೆ ಹೋಗಿ ಬರಲಿ."

"ಹಾಗೆಯೇ ಬರೆಯಲೇ?"

"ಅದರಲ್ಲಿ ಕೇಳುವುದೇನಿದೆ, ಮಾರಾಯ? ಹಾಗೆಯೇ ಬರೆ."

ಉಗ್ರಾಣಿಕ ಹಾಗೆಯೇ ಬರೆದ. ಇಲ್ಲಿ ಒಂದು ಮಾತು ಹೇಳಬೇಕು, ಎಲ್ಲರಿಗೂ ಗೊತ್ತಿರುವುದೇ ಆದರೂ. ನಮ್ಮಲ್ಲಿ ಹೊರಡುವವರು 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತಾರೆ. ಕಳಿಸುವವರೂ 'ಹೋಗಿ' ಎನ್ನುವುದಿಲ್ಲ, 'ಹೋಗಿ ಬನ್ನಿ' ಎನ್ನುತ್ತಾರೆ. ಬರೀ 'ಹೋಗು' ಎಂದರೆ ಅಪಶಕುನ. ವರ್ತಕನ ಬಾಯಲ್ಲಿ 'ಬರಲಿ' ಎಂಬುದು ಹಾರೈಕೆಯಾಗಿತ್ತು. ಹಲಗೆಯ ಮೇಲೆ ಬಂದಾಗ ಅದು ಅಪ್ಪಣೆಯಾಯಿತು.

ನಡುಬಾಗಿಲ ಕಾವಲಿನವನು ಹಲಗೆ ಓದಿದ. ಬೀಜದ ಮನೆಯವರು ಹೋದರು, ಬಿಟ್ಟ. ಮಾಲು ಪರೀಕ್ಷಿಸಿ ಅದೇ ಬಾಗಿಲಿನಿಂದ ಬಂದರು, ಬಿಟ್ಟ. ಸುತ್ತು ಹಾಕುವುದು ತಪ್ಪಿತೆಂದು ಆಳುಗಳಿಗೂ ಸಂತೋಷವಾಯಿತು. ಹತ್ತೊಂಬತ್ತು ದಿನ ಹೀಗೆ ನಡೆಯಿತು. ಯಾರೂ ನಿಯಮ ಮುರಿಯಲಿಲ್ಲ.

ಇಪ್ಪತ್ತನೆಯ ದಿನ ಉಗ್ರಾಣಿಕ ಬೀಜದ ರಾಶಿಗಳನ್ನು ನೋಡಲು ಹೋದ. ನಾಲ್ಕು ರಾಶಿಗಳಿದ್ದವು. ನಡುಬಾಗಿಲಿಗೆ ಹತ್ತಿರವಿದ್ದ ರಾಶಿಯೊಳಗೆ ತೋಳು ತೂರಿಸಿದ. ಒಳಗೆ ಬಿಸಿಯಿತ್ತು. ಕಾಳಿನ ರಾಶಿ ಒಳಗೆ ಬಿಸಿಯಾದರೆ ನುಸಿ ಸೇರಿದೆ ಎಂದೇ ಅರ್ಥ. ತೋಳು ಹೊರಗೆ ತೆಗೆದಾಗ ಮೊಣಕೈಯವರೆಗೆ ಬಿಳಿ ಹಿಟ್ಟು ಮೆತ್ತಿತ್ತು. ಉಳಿದ ಮೂರು ರಾಶಿಗಳಿಗೂ ತೋಳು ತೂರಿಸಿದ. ಅವು ತಣ್ಣಗಿದ್ದವು. ಬಿತ್ತನೆಗೆ ಇನ್ನು ಒಂದೇ ತಿಂಗಳು. ಆ ಮೂರು ರಾಶಿ ಉಳಿದರೆ ಎಂಟೂ ಊರಿನವರು ಕೈ ಬಿಗಿ ಹಿಡಿದು ಬಿತ್ತಿಯಾರು. ಅವೂ ಹೋದರೆ ಆ ವರ್ಷ ಹೊಲಗಳು ಬೀಳು ಬೀಳುತ್ತವೆ.

ಬಿಸಿಯಾದ ರಾಶಿಯನ್ನು ಆ ಕ್ಷಣವೇ ಹೊರಗೆ ಸಾಗಿಸಿದ. ಆಮೇಲೆ ವರ್ತಕನಿಗೆ ಹೇಳಿ ಕಳಿಸಿದ. ವರ್ತಕ ಓಡಿ ಬಂದು ಹಲಗೆ ನೋಡಿ ಹಣೆ ಚಚ್ಚಿಕೊಂಡ.

"ಏನು ಬರೆದಿದ್ದೀಯೋ ಇದು?"

"ನೀವು ಹೇಳಿದ್ದನ್ನೇ, ಯಜಮಾನರೇ."

"ಅಯ್ಯೋ, ಅದು ಬಾಯಿಮಾತು ಕಣೋ! ಹೊರಟವರಿಗೆ 'ಹೋಗಲಿ' ಅಂದಿದ್ದರೆ ನಮ್ಮವ್ವ ನನ್ನ ಬಾಯಿಗೆ ಹೊಡೆಯುತ್ತಿದ್ದಳು."

"ನಿಮಗೆ ಅವ್ವ ಹೇಳಿಕೊಟ್ಟಳು. ಹಲಗೆಗೆ ಯಾರು ಹೇಳಿಕೊಡಬೇಕು?" ಎಂದ ಉಗ್ರಾಣಿಕ. ಹೀಗೆ ಎದುರು ಮಾತಾಡಿದ್ದು ಅವನಿಗೇ ಆಶ್ಚರ್ಯವಾಯಿತು. ಆದರೆ ಮಾತು ನಿಜವಾಗಿತ್ತು.

ಉಗ್ರಾಣಿಕ ಹಲಗೆ ಇಳಿಸಿ ಒರೆಸಿದ. ಈ ಸಲ ಒಂದರ ಬದಲು ಎರಡು ಪ್ರಶ್ನೆ ಕೇಳಿದ. ಇಲ್ಲಿಂದ ಅಲ್ಲಿಗೆ ಹೋಗಬಹುದೇ? ಅಲ್ಲಿಂದ ಇಲ್ಲಿಗೆ ಬರಬಹುದೇ? ಮೊದಲನೆಯದಕ್ಕೆ ವರ್ತಕ ಹೌದೆಂದ. ಎರಡನೆಯದಕ್ಕೆ ಬೇಡವೆಂದು ತಲೆಯಾಡಿಸಿದ, ಬಾಯಿ ಬಿಡಲಿಲ್ಲ. 'ಹೋಗಲಿ, ಬರುವುದು ಬೇಡ' ಎಂಬ ಮಾತನ್ನು ನಮ್ಮಲ್ಲಿ ಹೆಣ ಸಾಗಿಸುವಾಗ ಮಾತ್ರ ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ. "ಅದನ್ನು ನನ್ನ ಬಾಯಲ್ಲಿ ಅನ್ನಿಸಬೇಡ, ನೀನೇ ಬರೆದುಕೋ" ಎಂದು ವರ್ತಕ ಆಚೆ ತಿರುಗಿ ನಿಂತ. ಉಗ್ರಾಣಿಕ ದಪ್ಪ ಅಕ್ಷರದಲ್ಲಿ ಬರೆದ: 'ಬೀಜದ ಮನೆಯಿಂದ ಹೋಗಬಹುದು. ಈ ಬಾಗಿಲಿನಿಂದ ಬೀಜದ ಮನೆಗೆ ಯಾರೂ ಬರಬಾರದು.'

ಆಳುಗಳು ಗೊಣಗಿದರು. "ನಾವೇನು ಮೈಲಿಗೆಯವರಾ?" ಎಂದು ಒಬ್ಬ ಕೇಳಿದ. ಇನ್ನೊಬ್ಬ ಹಲಗೆಗೆ ದೊಡ್ಡ ನಮಸ್ಕಾರ ಹಾಕಿ ಎಲ್ಲರನ್ನೂ ನಗಿಸಿದ. ಉಗ್ರಾಣಿಕನೂ ನಕ್ಕ. ಆದರೆ ಬಾಗಿಲು ಬಿಡಲಿಲ್ಲ.

ಎಂಟು ದಿನ ಕಳೆಯಿತು. ಒಂಬತ್ತನೆಯ ದಿನ ವರ್ತಕನೇ ಹೊಸ ಮಾಲಿನ ಮನೆಗೆ ಬಂದ. ದೂರದಿಂದ ಬಂದ ಮಾಲು ಇಳಿದಿತ್ತು. ಚೀಲಗಳಿಗೆ ಕೈ ಹಾಕಿ, ಕಾಳನ್ನು ಬೊಗಸೆಯಲ್ಲಿ ಎತ್ತಿ ಸುರಿದು ನೋಡಿದ. ಅವನ ಪಂಚೆಯ ತುಂಬ ಹೊಟ್ಟು. ಅಷ್ಟರಲ್ಲಿ ಬೀಜದ ನೆನಪಾಯಿತು. ಆ ಮೂರು ರಾಶಿ ಹೇಗಿವೆಯೋ ಎಂಬ ಕಳವಳ ಅವನಿಗೆ ಊಟ ಮಾಡುವಾಗಲೂ ಇರುತ್ತಿತ್ತು. ನೇರವಾಗಿ ನಡುಬಾಗಿಲಿಗೆ ನಡೆದ.

ಕಾವಲಿನವನು ಯಜಮಾನರನ್ನು ನೋಡಿ ಪಕ್ಕಕ್ಕೆ ಸರಿದ. ಆ ಜಾಗಕ್ಕೆ ಉಗ್ರಾಣಿಕ ಬಂದು ನಿಂತ.

"ಇದೇನೋ? ಉಗ್ರಾಣ ನನ್ನದು. ಹಲಗೆ ಹಾಕಿಸಿದವನು ನಾನು. ನನಗೂ ಅದೇ ಹಲಗೆಯಾ?"

ಉಗ್ರಾಣಿಕ ವರ್ತಕನ ಪಂಚೆ ನೋಡಿದ. ಅದರಲ್ಲಿ ನುಸಿ ಇತ್ತೋ ಇಲ್ಲವೋ ಅವನಿಗೆ ಕಾಣಲಿಲ್ಲ. ಇಲ್ಲದೆಯೂ ಇರಬಹುದಿತ್ತು. ಬೇರೆ ಕಡೆ ಇಂಥ ಕೆಲಸ ಸಿಗುವುದು ಕಷ್ಟವೆಂದೂ ಅವನಿಗೆ ಗೊತ್ತಿತ್ತು. ಆದರೆ ಬೆನ್ನ ಹಿಂದೆ ಎಂಟು ಊರಿನ ಬೀಜವಿತ್ತು. ಹುಟ್ಟಿದಂದಿನಿಂದ ಯಾರಿಗೂ ಆಡದ ಮಾತನ್ನು ಅವನು ಅನ್ನ ಕೊಡುವ ಯಜಮಾನನಿಗೆ ಆಡಿದ.

"ಹೋಗಿ."

ಅಷ್ಟೇ ಅಂದ. ಮುಂದೆ 'ಬನ್ನಿ' ಸೇರಿಸಲಿಲ್ಲ.

ಕಾವಲಿನವನು ನೆಲ ನೋಡಿದ. ವರ್ತಕನ ಮುಖ ಕೆಂಪಾಯಿತು. ಆಮೇಲೆ ತನ್ನ ಪಂಚೆಯನ್ನು ತಾನೇ ನೋಡಿಕೊಂಡ. ತಿರುಗಿ, ಬೀದಿಯ ಬಾಗಿಲಿನಿಂದ ಇಳಿದು ಮನೆಗೆ ಹೋದ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಬೀಜದ ಮನೆಯ ಬೀದಿಬಾಗಿಲಿಗೆ ಬಂದ. ಉಗ್ರಾಣಿಕ ಎರಡೂ ಕೈ ಮುಗಿದು, "ಬನ್ನಿ ಯಜಮಾನರೇ" ಎಂದ. ವರ್ತಕ ಮೂರು ರಾಶಿಗಳಿಗೂ ತೋಳು ತೂರಿಸಿ ನೋಡಿದ. ಮೂರೂ ತಣ್ಣಗಿದ್ದವು. ಮಳೆ ಬಿದ್ದ ವಾರದಲ್ಲಿ ಎಂಟೂ ಊರಿನವರು ಬೀಜ ಒಯ್ದು ಬಿತ್ತಿದರು.

ಗುರುಗಳು ಕತೆ ನಿಲ್ಲಿಸಿದರು.

ವೃಷಭೇಂದ್ರನ ಮುಖ ಅರಳಿತು. ಅವನಿಗೆ ಬಂದ ಅನುಮಾನ ತೀರಿತ್ತು. "ಅರ್ಥವಾಯಿತು ಗುರುಗಳೇ" ಎಂದ. "ಒಂದು ಕಡೆಗೆ ಅನುಮತಿ ಕೊಟ್ಟರೆ ಇನ್ನೊಂದು ಕಡೆಗೂ ಕೊಟ್ಟಂತೆ ಅಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು, ಬೇರೆ ಬೇರೆಯಾಗಿ ಬರೆಯಬೇಕು. ಯಾರು ಮುಖ ತಿರುಗಿಸಿದರೂ ಸರಿ, ಮೇಲಿನವರಿಗೂ ಅಷ್ಟೇ, ಕೆಳಗಿನವರಿಗೂ ಅಷ್ಟೇ. ಬೇಕಾದಷ್ಟನ್ನು ಮಾತ್ರ ಬರೆಯುತ್ತೇನೆ. ಸಂಜೆಯೊಳಗೆ ಎಲ್ಲರದೂ ಮುಗಿಸುತ್ತೇನೆ."

ಗುರುಗಳು ಕೇಳಿದರು: "ಅವರೆಲ್ಲರದೂ ಸರಿಯಪ್ಪಾ, ನಿನಗೆ ನೀನು ಎಷ್ಟು ಬರೆದುಕೊಂಡಿದ್ದೀಯ?"

ವೃಷಭೇಂದ್ರನ ಹೆಸರಿಗೆ ಎಲ್ಲ ವಲಯಗಳೂ ಎರಡೂ ಕಡೆಗೆ ತೆರೆದಿದ್ದವು. ಅವನು ಮೊದಲು ಅದನ್ನು ತಿದ್ದಲು ಎದ್ದ.