ಗುದ್ದಲಿಯಿಲ್ಲದ ಸಾಹುಕಾರ

ಮಣ್ಣಿನ ಗೋಡೆಗೆ ಅಂಗೈ ತಾಗಿಸಿ, ಒಳಗೆ ಎಷ್ಟನೆಯ ಪದರದಲ್ಲಿ ಬಿರುಕಿದೆ ಎಂದು ಹೇಳಿದವನು ನಾನು. ಒಮ್ಮೆ ಹನ್ನೆರಡು ಮೊಳದ ಕೋಟೆಗೋಡೆಯೊಳಗೆ ಇರುವೆ ನಡೆಯುವ ಸದ್ದು ಕೇಳಿ, ಅದು ಗಂಡಿರುವೆ ಎಂದೂ ಹೇಳಿದ್ದೆ. ಒಡೆದು ನೋಡಿದರು. ನಿಜವಾಗಿತ್ತು. ನೋಡಿದವರು ಮೂವರು, ಮೂವರೂ ಈಗ ಮಣ್ಣಿನಲ್ಲಿದ್ದಾರೆ.

ಇಂಥ ನನ್ನ ಬಳಿ ಹನ್ನೊಂದು ವರ್ಷ ಮಣ್ಣು ತುಳಿದು ಕಲಿತವಳು ಹುಲಿಗೆವ್ವ. ನಮ್ಮ ಸೀಮೆಯಲ್ಲಿ ಹೆಣ್ಣುಮಗಳ ಕೈಗೆ ಗೋಡೆಯ ನೇರ ನೋಡುವ ತೂಗುಗುಂಡು ಕೊಟ್ಟ ಮೊದಲ ಮೇಸ್ತ್ರಿ ನಾನೇ. ಈ ಬೇಸಗೆಯಲ್ಲಿ ಮಠದ ಉಗ್ರಾಣದ ಗೋಡೆಯನ್ನು ಅವಳೊಬ್ಬಳ ಹೆಸರಿಗೇ ಬಿಟ್ಟಿದ್ದೆ. ಗೋಡೆ ಎದೆಮಟ್ಟ ಎದ್ದಿತ್ತು. ಮಳೆಗೆ ಇನ್ನು ನಲವತ್ತು ದಿನ.

ಅಂದು ಅವಳು ಆಸ್ಪತ್ರೆಯಿಂದ ನೇರವಾಗಿ ಬಂದು, ಕಲಸಿದ ಮಣ್ಣಿನ ಪಕ್ಕ ಕುಳಿತು ಕೇಳಿದಳು.

“ಅಜ್ಜಾ, ಎದಿಯಾಗ ಕಡಲಿಕಾಳಿನಷ್ಟು ಗಂಟು ಐತಿ. ಕ್ಯಾನ್ಸರ್ ಅಂತ. ಇನ್ನೂ ತನ್ನ ಗೋಡಿ ದಾಟಿಲ್ಲ, ಈ ವಾರನ ತೆಗಿಸಿಬಿಡು ಅಂತಾರ ಡಾಕ್ಟರಮ್ಮ. ಉಗ್ರಾಣ ಮುಗಿಸಿ ಬರ್ತೀನಿ ಅಂದೆ. ಬೈದರು. ಅರ್ಧಗೋಡಿ ಮಳಿಗೆ ಕರಗಿದರ, ಹೆಣ್ಣು ಕಟ್ಟಿದ್ದು ನಿಲ್ಲಲಿಲ್ಲ ಅಂತ ಊರು ನಗೂದಿಲ್ಲೇನು? ಗಂಟಿಗೆ ನೋವಿಲ್ಲ ಗೀವಿಲ್ಲ. ಕೈಯಿಲ್ಲ, ಗುದ್ದಲಿಯಿಲ್ಲ. ಅದು ಗೋಡಿ ಹ್ಯಾಂಗ ಒಡೀತೈತಿ?”

“ಡಾಕ್ಟರಮ್ಮ ಏನಂದರು?”

“ಮೈಯೊಳಗಿನ ಜೀವಕಣಗಳ ಸುತ್ತ ಒಂದು ಹೆಣಿಗಿ ಇರ್ತೈತಂತ. ಗಾಯ ಮಾಯಬೇಕಾದಾಗ ಅದನ್ನ ಕಡಿದು ದಾರಿ ಬಿಡಲಿಕ್ಕೆ ಕಿಣ್ವ ಅಂತ ಇರ್ತಾವಂತ. ನಮ್ಮ ಮೈಯವ. ಅವ ಕಿಣ್ವ ಆ ಗಂಟಿಗೂ ದಾರಿ ಕಡಿದು ಕೊಡ್ತಾವಂತ. ನಮ್ಮವರು ನಮ್ಮ ಗೋಡಿ ಯಾಕ ಕಡೀತಾರ ಅಜ್ಜಾ?”

ಕಿಣ್ವವೋ ಗಿಣ್ವವೋ, ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆ ಮೆಟ್ಟಿಲು ಕಟ್ಟಿದವನು. ಗೋಡೆಯ ಮಾತಿಗೆ ನನ್ನ ಮುಂದೆ ಯಾವ ಡಾಕ್ಟರೂ ನಿಲ್ಲಲಾರರು. ಹೇಳಿದೆ.

ಒಂದು ಊರಿತ್ತು. ಸುತ್ತ ಮಣ್ಣಿನ ಕೋಟೆ. ಗೋಡೆ ಎಷ್ಟು ದಪ್ಪವೆಂದರೆ, ಹೊರಗೆ ಹೊಡೆದ ಗುಡುಗು ಒಳಗೆ ಮರುದಿನ ಕೇಳುತ್ತಿತ್ತು. ಬರಗಾಲಕ್ಕೆಂದು ಗೋಡೆಯ ಒಡಲಲ್ಲಿ ಕಾಳಿನ ಗಡಿಗೆಗಳನ್ನು ಹುಗಿದಿಟ್ಟಿದ್ದರು.

ಬಿರುಕು ಬಿಟ್ಟ ಗೋಡೆಗೆ ಮೇಲೆ ಮಣ್ಣು ಮೆತ್ತಿದರೆ ನಿಲ್ಲದು. ಸಡಿಲ ಮಣ್ಣನ್ನೆಲ್ಲ ಕಡಿದು ತೆಗೆದು, ಗಟ್ಟಿ ಸಿಕ್ಕ ಮೇಲೆ ಹೊಸದು ತುಂಬಬೇಕು. ಅದಕ್ಕಾಗಿ ಆ ಊರಿನಲ್ಲಿ ಕಡಿಯುವವರ ಪಡೆಯಿತ್ತು. ಅವರ ಗುದ್ದಲಿಗಳಿಗೆ ಸದಾ ಚರ್ಮದ ಚೀಲ ತೊಡಿಸಿರುತ್ತಿತ್ತು. ಬಿರುಕು ಕಂಡವರು ಜಾಗಟೆ ಬಾರಿಸಬೇಕು. ಆಗ ಮಾತ್ರ ಚೀಲ ಬಿಚ್ಚಬೇಕು. ಪಡೆಯ ಹಿರಿಯ ‘ಸಾಕು’ ಎಂದಾಗ ಗುದ್ದಲಿ ಇಳಿಸಬೇಕು, ತುಂಬುವವರು ಬರಬೇಕು. ಆ ಹಿರಿಯ ಬೇರೆ ಯಾರೂ ಅಲ್ಲ, ನಾನೇ. ನನ್ನ ‘ಸಾಕು’ ಮೂರು ಹರದಾರಿ ದೂರಕ್ಕೆ ಕೇಳುತ್ತಿತ್ತು.

ಆ ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಪರವೂರಿನವನಲ್ಲ, ಅಲ್ಲೇ ಹುಟ್ಟಿದವನು. ಅವನಿಗೆ ಮನೆ ಬೆಳೆಸುವ ಹುಚ್ಚು. ಬೆಳೆದು ಬೆಳೆದು ಮನೆ ಕೋಟೆಗೋಡೆಗೆ ಮುಟ್ಟಿತು. ಅವನ ಬಳಿ ಗುದ್ದಲಿ ಇರಲಿಲ್ಲ. ಒಂದು ಜಾಗಟೆ ಇತ್ತು. ಬಾರಿಸಿದ.

ಕಡಿಯುವವರು ಓಡಿ ಬಂದರು.

“ಬಿರುಕು ಎಲ್ಲೈತ್ರಿ ಸಾಹುಕಾರ್ರ?”

“ಒಳಗ ಐತಿ. ನೀವು ಕಡೀರಿ, ಸಿಗ್ತೈತಿ.”

ಜಾಗಟೆ ಕೇಳಿದರೆ ಕಡಿಯುವುದು ಅವರ ಧರ್ಮ. ಕಡಿದರು. ಗೋಡೆಯೊಳಗಿನ ಗಡಿಗೆಗಳು ಒಡೆದು ಕಾಳು ಸಾಹುಕಾರನ ಅಂಗಳಕ್ಕೆ ಸುರಿಯಿತು. ಅವನ ಮನೆಮಂದಿ ಉಂಡು ಇಮ್ಮಡಿಯಾದರು. ಜಾಗಟೆಯ ಸದ್ದು ಜೋರಾಯಿತು. ಇನ್ನಷ್ಟು ಜನ ಚೀಲ ಬಿಚ್ಚಿ ಬಂದರು. ಊರಿನಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ದುರಸ್ತಿ ನಡೆದಿದೆ ಎಂದುಕೊಂಡು ಉಂಡು ಮಲಗಿದರು.

ಏಳನೆಯ ದಿನ ಗೋಡೆ ತೂತಾಯಿತು. ಆಚೆ ಹೊಳೆ. ಸಾಹುಕಾರನ ಮಕ್ಕಳು ಹರಿಗೋಲು ಹತ್ತಿ ಹೋದರು. ಯಾವ ಊರಿನ ದಂಡೆ ಸಿಕ್ಕಿತೋ ಅಲ್ಲಿ ಇಳಿದರು. ಅಲ್ಲಿಯೂ ಮನೆ ಹೂಡಿದರು. ಅಲ್ಲಿಯೂ ಜಾಗಟೆ ಬಾರಿಸಿದರು.

ಆಗ ಅರಸ ಎಚ್ಚೆತ್ತ. ಊರಿನ ಗುದ್ದಲಿಗಳನ್ನೆಲ್ಲ ಕಸಿದು ಕೋಣೆಗೆ ತುಂಬಿಸಿ ಬೀಗ ಜಡಿಸಿದ. ನಿಜವಾದ ಬಿರುಕುಗಳನ್ನು ಕಡಿದು ಕಟ್ಟುವವರೂ ಇಲ್ಲವಾದರು. ಗೋಡೆ ಅಲ್ಲಲ್ಲಿ ಉಬ್ಬಿತು. ಬಾಗಿಲುಗಳು ಬಿಗಿದುಕೊಂಡು ತೆರೆಯದಾದವು. ಸಾಹುಕಾರನ ಮಕ್ಕಳು ಮಾತ್ರ ಆಗಲೇ ಹೊಳೆಯ ಮೇಲಿದ್ದರು.

“ಗುದ್ದಲಿ ಮ್ಯಾಲೆ ಸಿಟ್ಟಾಗಬ್ಯಾಡವ್ವಾ,” ಎಂದೆ. “ಗುದ್ದಲಿ ನಮ್ಮದ. ಅದಿಲ್ಲದಿದ್ದರ ಗಾಯ ಮಾಯೂದಿಲ್ಲ. ಗೋಡಿ ತೂತಾಗೂ ಮೊದಲ ಸಾಹುಕಾರನ್ನ ಊರಿಂದ ಎಬ್ಬಿಸಿ ಹೊರಗ ಹಾಕಬೇಕು, ಜಾಗಟಿ ಸಮೇತ.”

ಇಂಥ ಕತೆಯನ್ನು ನಾಲ್ಕು ಸೀಮೆಯಲ್ಲಿ ಬೇರೆ ಯಾರೂ ಹೇಳಲಾರರು. ಮೀಸೆ ತೀಡಿಕೊಂಡೆ.

ಹುಲಿಗೆವ್ವ ತಲೆದೂಗಲಿಲ್ಲ. ನಾನು ಕಟ್ಟಿದ ಗೋಡೆಯಲ್ಲಿಯೇ ಎರಡು ಬಾರಿ ಸೊಟ್ಟು ಹಿಡಿದು ತೋರಿಸಿದವಳು ಅವಳು. ಅಂಥ ಕಣ್ಣು ಅವಳಿಗೆ ಕೊಟ್ಟವನೂ ನಾನೇ.

“ಅಜ್ಜಾ, ಅವರ ಹಿರಿಯಾ ನೀನ ಅಂದಿ. ಮೂರು ಹರದಾರಿ ಕೇಳೂ ದನಿ ಅಂದಿ. ಹಂಗಾದರ ಏಳು ದಿನ ನೀ ಎಲ್ಲಿದ್ದಿ? ‘ಸಾಕು’ ಅಂತ ಯಾಕ ಅನ್ನಲಿಲ್ಲ?”

ಸಿಕ್ಕಿಬಿದ್ದೆ. ಹೆಗಲ ಮೇಲಿನ ವಲ್ಲಿ ಕೊಡವಿ, ಭುಜ ಕುಣಿಸಿದೆ.

“ನಾನೂ ಒಂದು ಗೋಡಿ ಮುಗಿಸಲಿಕ್ಕೆ ಹತ್ತಿದ್ದೆ.”