ಬಾಯಾರಿಕೆ ದುಗ್ಗಮ್ಮ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಎರೆಹೊಸೂರು ಎಂಬ ಊರಿಗೆ ಕಡಲ ಕಡೆಯಿಂದ ಒಬ್ಬ ಸೊಸೆ ಬಂದಳಂತೆ. ಹೆಸರು ದುಗ್ಗಮ್ಮ. ಬಂದರಿಗೆ ಹತ್ತಿ ಒಯ್ದ ಗಾಡಿಯವನು ಬರುವಾಗ ಉಪ್ಪಿನ ಜೊತೆ ಹೆಂಡತಿಯನ್ನೂ ಹೇರಿಕೊಂಡು ಬಂದ ಅಂತ ಊರವರು ನಕ್ಕರಂತೆ.

ಮೂರನೆಯ ದಿನ ಗಂಡನ ಕಡೆಯ ಹಿರಿಯರೊಬ್ಬರು ಬಿಸಿಲಲ್ಲಿ ನಡೆದು ಬಂದರು. ದುಗ್ಗಮ್ಮ ತವರಿನ ರೂಢಿಯಂತೆ, "ಬಾಯಾರಿಕೆ ಬೇಕಾ?" ಅಂದಳು. ಅವಳ ಊರಲ್ಲಿ ಬಾಯಾರಿಕೆ ಅಂದರೆ ಬಂದವರಿಗೆ ಕೊಡುವ ಬೆಲ್ಲ, ನೀರು. ಇಲ್ಲಿ ಗಂಟಲು ಒಣಗುವುದು. ಹಿರಿಯರು ಎದ್ದೇಬಿಟ್ಟರು. "ನೀರು ಕೊಡೂದು ಬಿಟ್ಟು ನೀರಡಿಕಿ ಕೊಡ್ತಾಳಲ್ಲೋ ನಿನ್ನ ಹೇಣ್ತಿ!"

ಅಂದಿನಿಂದ ಅವಳು ಬಾಯಾರಿಕೆ ದುಗ್ಗಮ್ಮ. ಮನೆಗೆ ಬಂದವರೊಡನೆ ಆ ಮಾತನ್ನು ಮತ್ತೆ ಅವಳು ಆಡಲಿಲ್ಲ. ಆದರೆ ಬಾವಿಯಿಂದ ಬರುವಾಗಲೆಲ್ಲ, ಒಂದೇ ಒಂದು ಸಲ ಯಾರಾದರೂ ತನ್ನನ್ನು ಹಾಗೆ ಕೇಳಬಾರದೇ ಅಂತ ಜೀವ ಹಂಬಲಿಸುತ್ತಿತ್ತಂತೆ.

ಮಕ್ಕಳಿಗೆ ಎಲ್ಲಿಯ ಸಂಕೋಚ? "ನಿಮ್ಮೂರಾಗ ನೀರಡಿಕಿ ಕೊಡ್ತಾರಂತ, ಖರೇನ?" ಅಂತ ನೇರ ಅವಳನ್ನೇ ಕೇಳಿದವು. ದುಗ್ಗಮ್ಮ ನಕ್ಕು, ಬೆಲ್ಲ, ನೀರು ಹಿಡಿದು ಹೇಗೆ ಕೇಳುತ್ತಾರೆಂದು ತವರಿನ ರಾಗದಲ್ಲೇ ಹೇಳಿ ತೋರಿಸಿದಳು. ಬೇವಿನ ನೆರಳಲ್ಲಿ ಕೂರಿಸಿಕೊಂಡು, ಖಾಲಿ ಕೊಡಕ್ಕೆ ಕಿವಿ ಇಡಿಸಿ, ಕಡಲು ಹೀಗೆ ಮೊರೆಯುತ್ತದೆ ಅಂದಳು. ಉಪ್ಪಿನ ಹರಳು ನೆಕ್ಕಿಸಿ, ಕಡಲಿನ ರುಚಿ ಇದು ಅಂದಳು. ಮೀನಿನ ಸಾರು ಅಂದಾಗ ಮಕ್ಕಳು ಛೀ ಅಂದವು. ನಿಮ್ಮ ಗರಿಗರಿ ಖಟಕ್ ರೊಟ್ಟಿ ಕಂಡರೆ ಅಲ್ಲಿಯ ಮಕ್ಕಳು ಮಾಡಿನ ಹಂಚು ಅಂದುಕೊಳ್ಳುತ್ತವೆ, ಊರು ಬೇರೆ, ತಪ್ಪು ಯಾರದ್ದೂ ಅಲ್ಲ ಅಂದಳು. ಕೊಡ ಆಲಿಸಿದ ಒಂದು ಮಗುವಿನ ಕಿವಿಯಿಂದ ಏಡಿಯೇ ಇಳಿಯಿತಂತೆ! ನಾನಂತೂ ನೋಡಿಲ್ಲ.

ಮಕ್ಕಳು ಎದ್ದುಹೋದ ಮೇಲೆ ಅವಳೇ ಕೊಡಕ್ಕೆ ಕಿವಿಯಿಟ್ಟು ಬಹಳ ಹೊತ್ತು ಕೂರುತ್ತಿದ್ದಳಂತೆ.

ಹೀಗೇ ವರ್ಷಗಳು ಕಳೆದು ತಲೆ ನರೆಯಿತು. ಒಂದು ಮಧ್ಯಾಹ್ನ ತುಂಬಿದ ಕೊಡ ಹೊತ್ತು ಬಂದರೆ, ಅವಳದೇ ಹೊಸ್ತಿಲಲ್ಲಿ ಪಕ್ಕದ ಮನೆಯ ಪುಟ್ಟ ಫಕೀರವ್ವ ನಿಂತಿದ್ದಾಳೆ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಆಗಲೇ ಕಚ್ಚಿದ ಬೆಲ್ಲದ ತುಂಡು.

"ಆಯೀ, ಬಾಯಾರಿಕೆ ಬೇಕಾ?"

ಕಡಲ ಕಡೆಯ ರಾಗದಲ್ಲೇ ಕೇಳಿತು ಮಗು. ದುಗ್ಗಮ್ಮ ಕೊಡವನ್ನು ಬೀದಿಯಲ್ಲೇ ಇಳಿಸಿ, ಅಲ್ಲೇ ಕುಳಿತು ಅತ್ತುಬಿಟ್ಟಳಂತೆ. "ಬೇಕು ಮಗಾ. ಎಷ್ಟು ವರ್ಷದಿಂದ ಬೇಕಿತ್ತು" ಅಂದಳಂತೆ.

ಇಂದಿಗೂ ಎರೆಹೊಸೂರಿಗೆ ದೂರದವರು ಯಾರೇ ಬರಲಿ, ಮನೆಯ ಅತಿ ಚಿಕ್ಕ ಮಗು ಬೆಲ್ಲ, ನೀರು ಹಿಡಿದು, "ಬಾಯಾರಿಕೆ ಬೇಕಾ?" ಅನ್ನುತ್ತದೆ. ಬಂದವರು ತಬ್ಬಿಬ್ಬಾಗುತ್ತಾರೆ. ಅವರು ಕುಡಿದು ಮುಗಿಸುವ ತನಕ ದೊಡ್ಡವರು ಅರ್ಥ ಬಿಡಿಸುವುದಿಲ್ಲ. ತಂಬಿಗೆ ವಾಪಸು ಇಸಿದುಕೊಳ್ಳುವಾಗ ಮಗು ಇನ್ನೊಂದು ಮಾತು ಕೇಳಲೇಬೇಕು.

"ನಿಮ್ಮೂರಾಗ ಇದಕ್ಕ ಏನಂತೀರಿ?"